ಹ್ಯಾಕ್ಸಾ ಬ್ಲೇಡಿನ ಕಮಾನು, ಗ್ರೈಂಡರಿನ ಹಲ್ಲು

ರಿಮೋಟಿನಲ್ಲಿ ಓಡುವ ಮಾದರಿ ಲಾರಿಯೊಂದನ್ನು ಕಟ್ಟುತ್ತಿದ್ದೇನೆ. ಅದರ ಮೊದಲ ಚಾಸಿ, ಅಂದರೆ ತಳದ ಚೌಕಟ್ಟು, ಮುಗಿದ ದಿನ ನಾನೇ ಅದರ ಮೇಲೆ ಹತ್ತಿ ನಿಂತೆ. 25 ಮಿ.ಮೀ. ಚೌಕದ ಕಬ್ಬಿಣದ ಪೈಪು, ಸಂದುಸಂದಿಗೂ ವೆಲ್ಡಿಂಗ್. ಕೂದಲೆಳೆಯಷ್ಟೂ ಬಾಗಲಿಲ್ಲ. ಬಹಳ ಹೆಮ್ಮೆ ಆಯಿತು. ಮರುದಿನ ಆಕ್ಸಲ್ಲು, ಚಕ್ರ ಎಲ್ಲ ಹಾಕಿ, ಮುಂದಿನ ಎಡ ಚಕ್ರದ ಕೆಳಗೆ ಎರಡು ಬೆರಳು ದಪ್ಪದ ಮರದ ತುಂಡು ಇಟ್ಟೆ. ಮುಂದಿನ ಬಲ ಚಕ್ರವೂ ನೆಲ ಬಿಟ್ಟು ಎದ್ದಿತು. ಹಿಂದೆ ಎಡಗಡೆಯ ಎರಡು ಚಕ್ರ ಕೈಯಲ್ಲಿ ಸುಮ್ನೆ ಗರಗರ ತಿರುಗುತ್ತಿದ್ದವು. ಲಾರಿ ಅಲ್ಲ, ಕುಂಟ ಮೇಜು.

ನಿಜವಾದ ಲಾರಿ ಹಳ್ಳಕ್ಕೆ ಇಳಿಯುವಾಗ ಹಿಂದೆ ನಿಂತು ನೋಡಿ. ಕ್ಯಾಬಿನ್ ಒಂದು ಕಡೆ ವಾಲಿರುತ್ತದೆ, ಬಾಡಿ ಇನ್ನೊಂದು ಕಡೆ. ನಡುವೆ ಚಾಸಿ ತಿರುಚಿಕೊಂಡಿರುತ್ತದೆ. ಅದಕ್ಕೇ ಅದರ ಉದ್ದನೆಯ ಎರಡು ತೊಲೆಗಳು ಮುಚ್ಚಿದ ಪೈಪಲ್ಲ, ಒಂದು ಬದಿ ತೆರೆದ ‘ಸಿ’ ಚಾನೆಲ್. ಮೇಲಿಂದ ಬೀಳುವ ಭಾರಕ್ಕೆ ಗಟ್ಟಿ, ತಿರುಚುವ ಬಲಕ್ಕೆ ಮೆದು. ಇಷ್ಟು ವರ್ಷ ಲಾರಿ ನೋಡಿದ್ದರೂ ಇದು ತಲೆಗೆ ಹೋಗಿರಲಿಲ್ಲ. ಪೈಪಿನ ಚಾಸಿಯನ್ನು ಕತ್ತರಿಸಿ ವೆಲ್ಡಿಂಗ್ ಸ್ಟ್ಯಾಂಡ್ ಮಾಡಿಕೊಂಡೆ. ಆ ಕೆಲಸಕ್ಕೆ ಅದು ಬಹಳ ಚೆನ್ನಾಗಿದೆ.

ಅಳತೆ 1:8, ಅಂದರೆ ನಿಜವಾದ ಲಾರಿಯ ಎಂಟನೇ ಒಂದು. ಜಪಾನಿನ ಮಾದರಿ ಕಂಪನಿ ತಮಿಯಾದ ಟ್ರಕ್ ಕಿಟ್‌ಗಳು 1:14ರವು, ಅದಕ್ಕೆ ಬೇಕಾದ ಬಿಡಿಭಾಗ ಬೇಕಾದಷ್ಟು ಸಿಗುತ್ತವೆ. 1:8ಕ್ಕೆ ಬಂದರೆ ಹೆಚ್ಚಿನದನ್ನು ನಾವೇ ಮಾಡಿಕೊಳ್ಳಬೇಕು. ನನಗೆ ಬೇಕಾಗಿದ್ದೂ ಅದೇ. ಮುಂದೆ ಒಂದು ಆಕ್ಸಲ್, ಹಿಂದೆ ಎರಡು, ಹತ್ತು ಚಕ್ರದ ಲಾರಿ. ಚಾಸಿಯ ಅಗಲ 106 ಮಿ.ಮೀ., ಮುಂದಿನ ಆಕ್ಸಲ್‌ನಿಂದ ಹಿಂದಿನ ಮೊದಲನೆಯದಕ್ಕೆ 450, ಹಿಂದಿನ ಎರಡರ ನಡುವೆ 169, ಟೈರಿನ ಎತ್ತರ 130. ಇವನ್ನೆಲ್ಲ ಎಂಟರಿಂದ ಗುಣಿಸಿದರೆ ರಸ್ತೆಯ ಮೇಲಿನ ಲಾರಿಯ ಅಳತೆಗೆ ಹತ್ತಿರ ಬರುತ್ತದೆ.

ಎರಡನೇ ಚಾಸಿಗೆ 1.5 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟು ತಂದೆ. ಚಾನೆಲ್ 34 ಮಿ.ಮೀ. ಎತ್ತರ, ಮೇಲೆ ಕೆಳಗೆ 9 ಮಿ.ಮೀ. ತುಟಿ. ಕೂಡಿಸಿದರೆ 52, ಹಾಗಾಗಿ 52 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿದೆ. ಇಲ್ಲೇ ಎಡವಿದ್ದು. ಶೀಟು ಬಾಗುವಾಗ ಮೂಲೆ ಚೂಪಾಗಿ ಬರುವುದಿಲ್ಲ, ದುಂಡಗೆ ತಿರುಗುತ್ತದೆ. ಹಾಗಾಗಿ ಎರಡು ಬೆಂಡಿಗೆ ಸೇರಿ ಸುಮಾರು 5 ಮಿ.ಮೀ. ಕಡಿಮೆ ಸಾಕಾಗುತ್ತದೆ. ನನ್ನ ತುಟಿಗಳು ಅಗಲವಾದವು, ಅದೂ ಒಂದೊಂದು ಕಡೆ ಒಂದೊಂದು ರೀತಿ. ಮುಂದಿನ ಸಲ ಮೊದಲು ಒಂದು ಚಿಕ್ಕ ತುಂಡು ಬಾಗಿಸಿ, ಅಳೆದು, ಆಮೇಲೆ 47 ಮಿ.ಮೀ. ಪಟ್ಟಿ ಕತ್ತರಿಸಿದೆ. ಎರಡು ಕಬ್ಬಿಣದ ಆಂಗಲ್ ನಡುವೆ ಪಟ್ಟಿ ಸಿಕ್ಕಿಸಿ, ವೈಸ್‌ನಲ್ಲಿ ಬಿಗಿದು, ಮರದ ಸುತ್ತಿಗೆಯಲ್ಲಿ ಬಡಿದೆ. ಒಂದೇ ಕಡೆ ಪೂರ್ತಿ ಬಾಗಿಸಬೇಡಿ. ಈ ತುದಿಯಿಂದ ಆ ತುದಿಯವರೆಗೆ ಸ್ವಲ್ಪ ಸ್ವಲ್ಪ ಬಾಗಿಸುತ್ತ ನಾಲ್ಕೈದು ಸಲ ಓಡಾಡಿ. ಇಲ್ಲದಿದ್ದರೆ 800 ಮಿ.ಮೀ. ಉದ್ದದ ಪಟ್ಟಿ ಹಾವಿನ ಹಾಗೆ ಆಗುತ್ತದೆ.

ತೂತು ಹಾಕುವಾಗ ಎರಡು ಚಾನೆಲ್‌ಗಳನ್ನೂ ಬೆನ್ನಿಗೆ ಬೆನ್ನು ಸೇರಿಸಿ ಕ್ಲಾಂಪ್ ಮಾಡಿ ಒಟ್ಟಿಗೆ ಕೊರೆದೆ. ತೂತು ಒಂದು ಮಿ.ಮೀ. ಆಚೀಚೆ ಆದರೂ ಎರಡೂ ಕಡೆ ಒಂದೇ ರೀತಿ ಆಚೀಚೆ ಆಗುತ್ತದೆ, ಆಕ್ಸಲ್ ಓರೆ ಆಗುವುದಿಲ್ಲ. ತೂತುಗಳೆಲ್ಲ ಚಾನೆಲ್‌ನ ನಡುಗೋಡೆಯಲ್ಲಿ ಮಾತ್ರ, ತುಟಿಯಲ್ಲಿ ಒಂದೂ ಇಲ್ಲ. ಭಾರ ಬಿದ್ದಾಗ ಎಳೆತವೂ ಒತ್ತಡವೂ ಜಾಸ್ತಿ ಇರುವುದು ತುಟಿಯಲ್ಲೇ. ದೊಡ್ಡ ಲಾರಿಗೂ ಇದೇ ನಿಯಮ. ಅಡ್ಡ ತೊಲೆಗಳಿಗೆ ವೆಲ್ಡಿಂಗ್ ಬಿಟ್ಟು ಎಂ3 ಬೋಲ್ಟ್ ಹಾಕಿದೆ. ಕರ್ಣಗಳನ್ನು ಅಳೆದು ಎರಡೂ ಸಮ ಬಂದ ಮೇಲೆ ಬಿಗಿ ಮಾಡಿದೆ.

ಮತ್ತೆ ಅದೇ ಮರದ ತುಂಡಿನ ಪರೀಕ್ಷೆ. ಚಾಸಿ ಸ್ವಲ್ಪ ತಿರುಚಿತು, ಆದರೂ ಚಕ್ರ ಗಾಳಿಯಲ್ಲೇ ಇತ್ತು. ಈ ಸಲ ಕೈಕೊಟ್ಟಿದ್ದು ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್.

ಕಮಾನು ಪಟ್ಟಿಗಳನ್ನು ನಾನು ಬಹಳ ಶ್ರದ್ಧೆಯಿಂದ ಅಳತೆಗೆ ಸರಿಯಾಗಿ ಮಾಡಿದ್ದೆ. ಏಳು ಪಟ್ಟಿ, ಒಂದಕ್ಕಿಂತ ಒಂದು ಗಿಡ್ಡ, ದಪ್ಪವೂ ಎಂಟನೇ ಒಂದು. ನೋಡಲು ಮುದ್ದಾಗಿತ್ತು. ಒತ್ತಿದರೆ ಕಲ್ಲು. ರಾತ್ರಿ ಕೂತು ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಉದ್ದ ಎಂಟನೇ ಒಂದು ಆದರೆ ತೂಕ 8×8×8, ಅಂದರೆ 512ನೇ ಒಂದು ಆಗುತ್ತದೆ. ಒಂಬತ್ತು ಟನ್ ಲಾರಿ ಹದಿನೇಳೂವರೆ ಕಿಲೋ. ಆದರೆ ಕಮಾನಿನ ಬಿಗಿತ ಕಡಿಮೆ ಆಗುವುದು ಎಂಟು ಪಟ್ಟು ಮಾತ್ರ. ದೊಡ್ಡ ಲಾರಿಯಲ್ಲಿ ಭಾರಕ್ಕೆ 80 ಮಿ.ಮೀ. ಕೂರುವ ಕಮಾನು ನನ್ನದರಲ್ಲಿ 10 ಮಿ.ಮೀ. ಕೂರಬೇಕಿತ್ತು. ಕೂರುವುದು ಒಂದೂಕಾಲು ಮಿ.ಮೀ.! ಗಾತ್ರ ಬದಲಾದರೆ ಬಲದ ಲೆಕ್ಕವೇ ಬದಲಾಗುತ್ತದೆ ಎಂದು ಗೆಲಿಲಿಯೊ 1638ರಲ್ಲೇ ಹೇಳಿದ್ದ. ನಾನು ಸ್ವಲ್ಪ ತಡ.

ಪರಿಹಾರ ದಪ್ಪದಲ್ಲಿದೆ. ಪಟ್ಟಿಯ ಬಿಗಿತ ದಪ್ಪದ ಘನದ ಜೊತೆ ಏರುತ್ತದೆ. ದಪ್ಪ ಅರ್ಧ ಮಾಡಿದರೆ ಬಿಗಿತ ಎಂಟನೇ ಒಂದಕ್ಕೆ ಇಳಿಯುತ್ತದೆ. ಆಗ ಹೊಳೆದದ್ದು ಹ್ಯಾಕ್ಸಾ ಬ್ಲೇಡು. ದಪ್ಪ 0.65 ಮಿ.ಮೀ., ಅಗಲ ಹನ್ನೆರಡೂವರೆ. ಹಲ್ಲುಗಳನ್ನು ಗ್ರೈಂಡರ್‌ಗೆ ಕೊಟ್ಟರೆ ಹನ್ನೊಂದು ಉಳಿಯುತ್ತದೆ, 1:8ಕ್ಕೆ ಹೇಳಿ ಮಾಡಿಸಿದ ಅಗಲ. ಬಾಗಿಸಿದರೆ ಪಟ್ ಎಂದು ಮುರಿಯುವ ಬ್ಲೇಡು ಬೇಡ, ಬಳುಕುವ ಜಾತಿಯದೇ ಬೇಕು. ಉಜ್ಜುವಾಗ ಆಗಾಗ ನೀರಿಗೆ ಅದ್ದಿ. ನೀಲಿ ಬಣ್ಣಕ್ಕೆ ತಿರುಗುವಷ್ಟು ಕಾಯಿತು ಅಂದರೆ ಆ ಜಾಗದ ಹದ ಹೋಯಿತು.

ನಡುವೆ ತೂತು ಹಾಕುವುದು ಕಷ್ಟ, ಡ್ರಿಲ್ ಬಿಟ್ ಜಾರುತ್ತದೆ. ಎರಡೂ ಬದಿಗೆ ಒದ್ದೆ ಬಟ್ಟೆ ಸುತ್ತಿ, ನಡುವಿನ ಒಂದು ಬೆರಳಗಲ ಮಾತ್ರ ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಟ್ಟೆ. ಆ ಜಾಗ ಮೆತ್ತಗಾಯಿತು, ತೂತು ಸಲೀಸಾಗಿ ಬಿತ್ತು. ಮೆತ್ತಗಾದರೆ ಸ್ಪ್ರಿಂಗ್ ಹಾಳಾಗುವುದಿಲ್ಲವೇ ಎಂದರೆ, ಆ ಭಾಗ ಹೇಗಿದ್ದರೂ ಯು-ಬೋಲ್ಟಿನ ಹಿಡಿತದ ಕೆಳಗೆ ಇರುತ್ತದೆ, ಅಲ್ಲಿ ಬಾಗುವ ಪ್ರಶ್ನೆಯೇ ಇಲ್ಲ. ಕಮಾನಿನ ಏಳು ಪಟ್ಟಿಗಳಲ್ಲಿ ಎರಡು ಮಾತ್ರ ಬ್ಲೇಡು. ಉಳಿದ ಐದು ಕಪ್ಪು ಪ್ಲಾಸ್ಟಿಕ್ ಪಟ್ಟಿ. ನೋಡಿದವರಿಗೆ ಗೊತ್ತಾಗುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ಹಿಂದಿನ ಎರಡು ಆಕ್ಸಲ್‌ಗಳಿಗೆ ಒಂದೊಂದು ಬದಿಗೆ ಒಂದೇ ಕಮಾನು. ಅದನ್ನು ನಡುವೆ ಒಂದು ಪಿನ್ನಿನ ಮೇಲೆ ತಕ್ಕಡಿಯ ಹಾಗೆ ಕೂರಿಸಿದೆ. ಒಂದು ಚಕ್ರ ಎದ್ದರೆ ಅದರ ಹಿಂದಿನದು ಇಳಿಯುತ್ತದೆ, ಭಾರ ಎರಡಕ್ಕೂ ಸಮ. ಮರದ ತುಂಡು ಈಗ ಎಲ್ಲಿ ಇಟ್ಟರೂ ಹತ್ತು ಚಕ್ರವೂ ನೆಲದ ಮೇಲೆ. ಆ ಸಂಜೆ ಬೇರೆ ಕೆಲಸ ಮಾಡಲಿಲ್ಲ, ತುಂಡನ್ನು ಅಲ್ಲಿ ಇಲ್ಲಿ ಇಟ್ಟು ನೋಡುತ್ತಾ ಕೂತಿದ್ದೆ.

ಮೋಟಾರಿಗೆ 12 ವೋಲ್ಟಿನ ಹಳೆಯ ಬ್ಯಾಟರಿ ಡ್ರಿಲ್ ಬಿಚ್ಚಿದೆ. ಅದರ ಗೇರ್‌ಬಾಕ್ಸ್‌ನಲ್ಲಿ ಎರಡು ಸ್ಪೀಡು ಇರುತ್ತವೆ, ನಿಮಿಷಕ್ಕೆ ಸುಮಾರು 400 ಸುತ್ತು ಮತ್ತು 1400 ಸುತ್ತು. ಮೊದಲು ಕಾರಿನ ವೈಪರ್ ಮೋಟಾರ್ ಹಾಕಿ ನೋಡಿದ್ದೆ. ಬಲ ಸಾಕಷ್ಟಿದೆ, ಆದರೆ ನಿಮಿಷಕ್ಕೆ ಐವತ್ತರ ಆಸುಪಾಸು ಸುತ್ತು. ಲಾರಿ ಆಮೆಗಿಂತ ಸ್ವಲ್ಪ ಮುಂದೆ, ಅಷ್ಟೇ.

ಆಕ್ಸಲ್‌ನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕದು) ಸುಟ್ಟುಹೋದ ಆಂಗಲ್ ಗ್ರೈಂಡರ್‌ನಿಂದ ತೆಗೆದದ್ದು. ಚಿಕ್ಕದಕ್ಕೆ ಹನ್ನೊಂದು ಹಲ್ಲು, ದೊಡ್ಡದಕ್ಕೆ ಮೂವತ್ತೆಂಟು ಹಲ್ಲು. ಗಟ್ಟಿ ಉಕ್ಕು, ಓರೆ ಹಲ್ಲು, ಕಸದ ಬುಟ್ಟಿಯಲ್ಲಿ ಸಿಕ್ಕ ಚಿನ್ನ. ಲೆಕ್ಕವೂ ಕೂಡಿ ಬಂತು. ಗೇರ್‌ಬಾಕ್ಸ್‌ನ ಹೆಚ್ಚಿನ ಸ್ಪೀಡಿನಲ್ಲಿ ಚಕ್ರ ನಿಮಿಷಕ್ಕೆ 405 ಸುತ್ತು, ಅಂದರೆ ಗಂಟೆಗೆ ಸುಮಾರು 10 ಕಿ.ಮೀ. ಎಂಟರಿಂದ ಗುಣಿಸಿದರೆ ಎಂಬತ್ತು. ಹೆದ್ದಾರಿ ಲಾರಿಯ ವೇಗ ಅದೇ ಅಲ್ವಾ? ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಒಳಗಿನ ಚಿಕ್ಕ ಗೇರುಗಳನ್ನು ಮಾತ್ರ ಕೊಂಡೆ, 1:8 ಅಳತೆಯ ಬಗ್ಗಿ ಎಂಬ ರಿಮೋಟ್ ರೇಸ್ ಕಾರಿನವು. ಹೊರಗಿನ ಡಬ್ಬಿಯನ್ನು ಲೇತ್‌ನಲ್ಲಿ ಅಲ್ಯೂಮಿನಿಯಂ ತುಂಡಿನಿಂದ ತೆಗೆದೆ. ಹಿಂದಿನ ಎರಡೂ ಆಕ್ಸಲ್ ಎಳೆಯಬೇಕೆಂಬ ಆಸೆ ಇತ್ತು. ಗ್ರೈಂಡರ್ ಪಿನಿಯನ್‌ನೊಳಗೆ ಶಾಫ್ಟ್ ಆಚೆ ದಾಟಿಸುವುದು ನನ್ನ ಕೈಲಿ ಆಗಲಿಲ್ಲ, ಬಿಟ್ಟೆ. ಎಳೆಯುವುದು ಒಂದೇ.

ಲಾರಿ ಮುಂದಕ್ಕೆ ಬೆಣ್ಣೆಯ ಹಾಗೆ ಹೋಯಿತು. ರಿವರ್ಸ್ ಹಾಕಿದ ತಕ್ಷಣ ಕಟಕಟ ಅಂದು ಹಿಡಿದುಕೊಂಡಿತು. ಎರಡು ವಾರ ತಲೆ ಕೆಡಿಸಿಕೊಂಡೆ. ಹಲ್ಲು ತೇಯ್ದಿರಬಹುದು, ಗ್ರೀಸ್ ಸಾಲದಿರಬಹುದು ಎಂದು ಏನೇನೋ ಮಾಡಿದೆ. ಕಾರಣ ಬೇರೆಯೇ ಇತ್ತು. ಓರೆ ಹಲ್ಲಿನ ಗೇರು ತಿರುಗುವಾಗ ಪಿನಿಯನ್ ಅನ್ನು ಉದ್ದಕ್ಕೂ ತಳ್ಳುತ್ತದೆ. ಒಂದು ದಿಕ್ಕಿಗೆ ತಿರುಗಿದರೆ ಹೊರಕ್ಕೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ಕ್ರೌನ್‌ನ ಒಳಕ್ಕೆ. ಗ್ರೈಂಡರ್ ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ, ಅಲ್ಲಿ ಈ ಗೋಳೇ ಇಲ್ಲ. ನಾನು ಪಿನಿಯನ್‌ಗೆ ಒಂದೇ ಕಡೆ ತಡೆ ಕೊಟ್ಟಿದ್ದೆ. ಶಾಫ್ಟಿಗೆ ಎರಡು ಬೇರಿಂಗ್ ಕೂರಿಸಿ, ಎರಡೂ ಕಡೆ ಸರ್ಕ್ಲಿಪ್ ಎಂಬ ತಡೆಬಳೆ ಹಾಕಿ, ತೆಳು ವಾಷರ್‌ಗಳಿಂದ ಆಟ ತೆಗೆದ ಮೇಲೆ ಸದ್ದು ನಿಂತಿತು. ಗ್ರೈಂಡರ್ ಗೇರು ಬಳಸುವವರು ಇದೊಂದನ್ನು ಮೊದಲೇ ಮಾಡಿಕೊಳ್ಳಿ.

ಡ್ರಿಲ್ ಗೇರ್‌ಬಾಕ್ಸ್‌ನಲ್ಲೂ ಒಂದು ಕಿತಾಪತಿ ಇದೆ. ಡ್ರಿಲ್ ಬಿಟ್ ಹಿಡಿಯುವ ಚಕ್ ಬಿಗಿ ಮಾಡುವಾಗ ಶಾಫ್ಟ್ ತಿರುಗದಿರಲಿ ಎಂದು ಒಳಗೆ ಉರುಳೆಗಳ ಲಾಕ್ ಇರುತ್ತದೆ. ಲಾರಿಯಲ್ಲಿ ಥ್ರಾಟಲ್ ಬಿಟ್ಟ ಕೂಡಲೇ ಅದು ಹಿಡಿಯುತ್ತದೆ, ಲಾರಿ ಮೂಗು ನೆಲಕ್ಕೆ ಕೊಟ್ಟು ನಿಲ್ಲುತ್ತದೆ. ಉರುಳೆಗಳನ್ನು ತೆಗೆದು ಬಿಸಾಕಿ. ಟಾರ್ಕ್ ಕ್ಲಚ್ ಅನ್ನೂ ಪೂರ್ತಿ ಲಾಕ್ ಮಾಡಿ, ಇಲ್ಲದಿದ್ದರೆ ಏರಿನಲ್ಲಿ ಟರ್ ಎಂದು ಜಾರುತ್ತದೆ.

ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಹೋಗುವ ಶಾಫ್ಟ್ ಉದ್ದದಲ್ಲಿ ಹಿಗ್ಗಿ ಕುಗ್ಗಬೇಕು. ಅದಕ್ಕೆ ಅಲೆನ್ ಕೀಯ ನೇರ ಭಾಗ ಕತ್ತರಿಸಿ, ಅದೇ ಅಳತೆಯ ಆರು ಮೂಲೆಯ ಸಾಕೆಟ್‌ನೊಳಗೆ ಬಿಟ್ಟೆ. ಜಾರುತ್ತದೆ, ಜೊತೆಗೇ ತಿರುಗುತ್ತದೆ. ಎರಡು ತುದಿಯ ಯೂನಿವರ್ಸಲ್ ಜಾಯಿಂಟ್‌ಗಳ ಕವಲುಗಳನ್ನು ಹಿತ್ತಾಳೆಯ ಶಿಲುಬೆಗೆ ಕೂಡಿಸಿ ಮಾಡಿದೆ. ಜೋಡಿಸುವಾಗ ಗಮನ ಇರಲಿಲ್ಲ, ಎರಡು ತುದಿಯ ಕವಲುಗಳು ಒಂದಕ್ಕೊಂದು ಅಡ್ಡವಾಗಿ ಕೂತಿದ್ದವು. ಇಡೀ ಲಾರಿ ನಡುಗಿತು. ಇಂಥ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಒಂದು ಸುತ್ತಿಗೆ ಎರಡು ಸಲ ವೇಗ ಏರಿಳಿಯುತ್ತದೆ. ಶಾಫ್ಟಿನ ಎರಡೂ ತುದಿಯ ಕವಲು ಒಂದೇ ಸಮತಲದಲ್ಲಿದ್ದು, ಎರಡೂ ಕಡೆಯ ಓರೆ ಸಮ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಆರು ಮೂಲೆಯ ಶಾಫ್ಟಿನಲ್ಲಿ ಒಂದೂವರೆ ಮೂಲೆ ತಿರುಗಿಸಲು ಬರುವುದಿಲ್ಲ, ಹಾಗಾಗಿ ಒಂದು ಕವಲನ್ನು ಕಿತ್ತು ಹೊಸದಾಗಿ ಬ್ರೇಜ್ (ಒಂದು ಬಗೆಯ ಬೆಸುಗೆ) ಮಾಡಬೇಕಾಯಿತು.

ಸ್ಟೀರಿಂಗ್ ಲೆಕ್ಕ ಸುಲಭ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ಇದಕ್ಕೆ ಆಕರ್ಮನ್ ಹೆಸರು, ಕುದುರೆ ಗಾಡಿಗಳಿಗೆಂದು 1818ರಲ್ಲಿ ಪೇಟೆಂಟ್ ಆದದ್ದು. ಹಿಂದೆ ಎರಡು ಆಕ್ಸಲ್ ಇದ್ದರೆ ಮುಂದಿನ ಆಕ್ಸಲ್‌ನಿಂದ ಅವುಗಳ ನಡುವಿನ ಬಿಂದುವಿಗೆ ಗೆರೆ ಎಳೆಯಬೇಕು, ನನಗೆ ಆ ದೂರ 535 ಮಿ.ಮೀ. ಮುಂದಿನ ಚಕ್ರಗಳು ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳ ನಡುವೆ 240. ಹಾಗಾಗಿ ಸ್ಟೀರಿಂಗ್ ತೋಳುಗಳನ್ನು 12.6 ಡಿಗ್ರಿ ಒಳಕ್ಕೆ ವಾಲಿಸಿದೆ. ಒಳ ಚಕ್ರ 35 ಡಿಗ್ರಿ ತಿರುಗಿದಾಗ ಹೊರಗಿನದು 28 ಇರಬೇಕು. ಕೋನಮಾಪಕ ಇಟ್ಟು ನೋಡಿದೆ, 29 ಬಂತು. ಸಾಕು.

ಸ್ಟೀರಿಂಗ್ ತಿರುಗಿಸುವ ಸರ್ವೋ ಮೋಟಾರ್ 25 ಕಿಲೋ-ಸೆಂ.ಮೀ. ಬಲದ್ದು. ಅದರ ಕರೆಂಟನ್ನು ಲಾರಿಯ ಮೋಟಾರಿನ ಸ್ಪೀಡ್ ಕಂಟ್ರೋಲರ್‌ನಿಂದಲೇ ತೆಗೆದುಕೊಂಡಿದ್ದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ವೋಲ್ಟೇಜ್ ಕುಸಿದು ರಿಮೋಟಿನ ರಿಸೀವರ್ ಒಂದು ಕ್ಷಣ ಸತ್ತಿತು, ಲಾರಿ ಗೋಡೆಗೆ ಹೋಯಿತು. ಈಗ ಸರ್ವೋಗೆ ಬೇರೆಯೇ 6 ವೋಲ್ಟಿನ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್) ಇದೆ. ಬ್ಯಾಟರಿ ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್), ಸೆಲ್ಲಿಗೆ 3.3 ವೋಲ್ಟ್ ಬಂದರೆ ನಿಲ್ಲಿಸುತ್ತೇನೆ. ಟೈರು ಪಾಲಿಯುರೆಥೇನ್ ಸುರಿದು ಎರಕ ಹೊಯ್ದದ್ದು. ಮೊದಲ ನಾಲ್ಕು ಗುಳ್ಳೆಗುಳ್ಳೆಯಾಗಿ ಬಂದವು. ಅಚ್ಚಿನ ಒಂದೇ ಮೂಲೆಯಿಂದ ದಾರದಷ್ಟು ಸಣ್ಣ ಧಾರೆಯಲ್ಲಿ ಸುರಿಯಲು ಕಲಿತ ಮೇಲೆ ಸರಿಹೋಯಿತು.

ಕ್ಯಾಬಿನ್ ಇನ್ನೂ ಇಲ್ಲ. ಬರಿ ಚಾಸಿ 11 ಕಿಲೋ ತೂಗುತ್ತದೆ. ಮೇಲೆ ಹತ್ತು ಕಿಲೋ ಮರಳಿನ ಚೀಲ ಇಟ್ಟು ಓಡಿಸುತ್ತಿದ್ದೇನೆ, ಬ್ಲೇಡಿನ ಕಮಾನು ಆಗ 8 ಮಿ.ಮೀ. ಕೂರುತ್ತದೆ. ಹೋದ ವಾರ ಹಿಂದಿನ ತಕ್ಕಡಿ ಪಿನ್ನಿನ ಹಿತ್ತಾಳೆ ಬುಷ್ ಸಡಿಲ ಆಯಿತು. ಬಿಚ್ಚಿ ನೋಡಿದರೆ ಒಂದೇ ಕಡೆ ಮೊಟ್ಟೆಯಾಕಾರಕ್ಕೆ ತೇಯ್ದಿದೆ. ಗ್ರೀಸ್ ಹೋಗಲು ದಾರಿಯನ್ನೇ ಇಟ್ಟಿರಲಿಲ್ಲ. ಹೊಸ ಬುಷ್ ಲೇತ್ ಮೇಲಿದೆ, ಈ ಸಲ ಗ್ರೀಸಿಗೆ ಒಂದು ಸಣ್ಣ ತೋಡು ಕೊರೆಯುತ್ತಿದ್ದೇನೆ.