ಹಣ್ಣಿಗಾಗಿ ಹಿಪ್ಪುನೇರಳೆ

ಹಿಪ್ಪುನೇರಳೆ ಎಂದ ಕೂಡಲೇ ರೇಷ್ಮೆಹುಳು ನೆನಪಾಗುತ್ತದೆ. ಎಲೆಗೆ ಅಷ್ಟೊಂದು ಹೆಸರು ಬಂದು ಹಣ್ಣು ಮೂಲೆಗೆ ಸರಿದಿದೆ. ನಾನು ಹಿತ್ತಲಿನಲ್ಲಿ ಈ ಗಿಡ ಹಾಕಿದ್ದು ಹಣ್ಣಿಗಾಗಿಯೇ. ಎಲೆ ಬೇಕೆನ್ನುವವರು ಮಾಡುವ ಆರೈಕೆಯನ್ನೇ ಹಣ್ಣಿನ ಗಿಡಕ್ಕೂ ಮಾಡಿದರೆ ಸೊಪ್ಪು ಮಾತ್ರ ಸಿಗುತ್ತದೆ. ಈ ವ್ಯತ್ಯಾಸ ತಿಳಿದರೆ ಉಳಿದ ಕೆಲಸ ಕಷ್ಟದ್ದಲ್ಲ.

ಬೀಜದಿಂದ ಸಸಿ ಎಬ್ಬಿಸುವ ಗೋಜಿಗೆ ನಾನು ಹೋಗಲೇ ಇಲ್ಲ. ಬೀಜದ ಗಿಡ ಫಲ ಕೊಡಲು ವರ್ಷಗಟ್ಟಲೆ ಕಾಯಿಸುತ್ತದೆ. ಕಾದ ಮೇಲೆ ಅದು ಬರೀ ಗಂಡು ಹೂ ಬಿಡುವ ಗಿಡವಾಗಿದ್ದರೆ ಹಣ್ಣೇ ಇಲ್ಲ. ಚೆನ್ನಾಗಿ ಹಣ್ಣು ಬಿಡುವ, ರುಚಿ ನೋಡಿ ಒಪ್ಪಿದ ಗಿಡದಿಂದಲೇ ಕಡ್ಡಿ ತರುವುದು ಜಾಣತನ. ಪೆನ್ಸಿಲ್ ದಪ್ಪದ, ಬಲಿತು ಕಂದು ಬಣ್ಣಕ್ಕೆ ತಿರುಗಿದ ಕೊಂಬೆಯಿಂದ 15–20 ಸೆಂ.ಮೀ. ಉದ್ದದ ತುಂಡುಗಳನ್ನು ಮಾಡಿಕೊಂಡೆ. ಒಂದೊಂದರಲ್ಲೂ ಮೂರು ನಾಲ್ಕು ಕಣ್ಣುಗಳಿರಬೇಕು. ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದರೆ ನೆಡುವಾಗ ತಲೆಕೆಳಗಾಗುವ ಭಯವಿಲ್ಲ. ಒಂದೇ ಕಣ್ಣು ಹೊರಗಿರುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ನೆರಳಿನಲ್ಲಿಟ್ಟು, ಮಣ್ಣು ಆರದಂತೆ ನೋಡಿಕೊಂಡೆ. ಚಿಗುರು ಬೇಗ ಬರುತ್ತದೆ, ಆದರೆ ಅದನ್ನು ನೆಚ್ಚಬೇಡಿ. ಕಡ್ಡಿಯೊಳಗಿನ ಸತ್ವದಿಂದಲೇ ಬಂದ ಚಿಗುರು ಅದು; ಬೇರು ಬರಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಕಡ್ಡಿಯನ್ನು ಅಲುಗಾಡಿಸಬಾರದು.

ಜಾಗದ ವಿಷಯದಲ್ಲಿ ಎರಡೇ ಮಾತು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಬೇರು ದೂರದವರೆಗೆ ಹರಡುವುದರಿಂದ ಗೋಡೆ, ಚರಂಡಿ, ನೀರಿನ ಪೈಪುಗಳ ಪಕ್ಕ ಬೇಡ. ನಡೆದಾಡುವ ಹಾದಿಯಿಂದಲೂ ಒಳಕ್ಕಿರಲಿ, ಏಕೆಂದರೆ ಉದುರಿದ ಹಣ್ಣಿನ ಕಲೆ ಕಲ್ಲನ್ನೂ ಬಿಡುವುದಿಲ್ಲ, ಕಾಲನ್ನೂ ಬಿಡುವುದಿಲ್ಲ.

ಇನ್ನು ಕತ್ತರಿಯ ಕೆಲಸ. ಇದರಲ್ಲಿಯೇ ಹಣ್ಣಿನ ಗುಟ್ಟೆಲ್ಲ ಇರುವುದು. ಹಿಪ್ಪುನೇರಳೆಯ ಹೂಗೊಂಚಲು ಹೊಸ ಚಿಗುರಿನ ಬುಡದ ಗೆಣ್ಣುಗಳಲ್ಲಿ, ಎಲೆಯ ಕಂಕುಳಲ್ಲಿ ಮೂಡುತ್ತದೆ. ಆ ಚಿಗುರು ಹೊರಡಬೇಕಾದದ್ದು ಬಲಿತ ಕೊಂಬೆಯ ಕಣ್ಣಿನಿಂದ. ಎಲೆಗಾಗಿ ಬೆಳೆಸುವವರು ಬುಡದವರೆಗೆ ಕತ್ತರಿಸುತ್ತಾರೆ. ಆಗ ನೆಟ್ಟಗೆ, ದಪ್ಪಗೆ ಏಳುವ ಬೆತ್ತದಂಥ ಚಿಗುರುಗಳಲ್ಲಿ ಎಲೆ ಅಗಲವಾಗಿರುತ್ತದೆ, ಹಣ್ಣು ಕಡಿಮೆ. ಹಾಗಾಗಿ ನಾನು ಬುಡ ಮುಟ್ಟುವುದಿಲ್ಲ. ಒಂದು ಫಸಲು ಮುಗಿದ ಮೇಲೆ ಕೊಂಬೆಗಳ ಮೂರನೆಯ ಒಂದು ಭಾಗವನ್ನಷ್ಟೇ ತುದಿಯಿಂದ ಕತ್ತರಿಸಿ, ಉಳಿದ ಭಾಗದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತೇನೆ. ಬೋಳು ಗಿಡವನ್ನು ನೋಡಿದವರು ಗಾಬರಿಯಾಗುತ್ತಾರೆ. ಆಗಲಿ ಬಿಡಿ! ಎರಡು ವಾರದೊಳಗೆ ಪ್ರತಿ ಗೆಣ್ಣಿನಲ್ಲೂ ಚಿಗುರೊಡೆಯುತ್ತದೆ, ಚಿಗುರಿನ ಜೊತೆಗೇ ಹಸಿರು ಮಿಡಿಗಳೂ ಕಾಣುತ್ತವೆ. ಬೆಚ್ಚಗಿನ ಹವೆಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಫಸಲು ತೆಗೆಯಲು ಇದೇ ದಾರಿ. ಕೊರೆಯುವ ಚಳಿಯಿರುವ ಕಡೆ ಗಿಡ ತಾನೇ ಎಲೆ ಉದುರಿಸಿ ಮಲಗುತ್ತದೆ, ಅಲ್ಲಿ ಅದು ಮಲಗಿರುವಾಗಲೇ ಸವರಬೇಕು. ಎತ್ತರ ಮಾತ್ರ ಎಲ್ಲಿಯಾದರೂ ಕೈಗೆಟುಕುವಷ್ಟಿರಲಿ. ಸುಮ್ಮನೆ ಬಿಟ್ಟರೆ ಇದು ಪೊದೆಯಾಗಿ ಉಳಿಯದೆ ಮರವೇ ಆಗುತ್ತದೆ.

ಗೊಬ್ಬರದಲ್ಲಿಯೂ ಕೈ ಹಿಡಿತವಿರಬೇಕು. ಸವರಿದ ಮೇಲೆ ಪಾತಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಹಿಡಿ ಮರದ ಬೂದಿ, ಮೇಲೆ ಒಣ ಎಲೆಗಳ ಹೊದಿಕೆ. ಯೂರಿಯಾ ಮುಟ್ಟುವುದಿಲ್ಲ, ಅದು ಸೊಪ್ಪಿನವರಿಗೆ ಇರಲಿ. ಮಿಡಿ ಕಚ್ಚಿದ ಮೇಲೆ ನೀರು ತಪ್ಪಿಸಿದರೆ ಕಾಯಿ ಉದುರುತ್ತದೆ.

ಹಿಟ್ಟು ತಿಗಣೆಯೇ ದೊಡ್ಡ ಕಾಟ. ಕುಡಿ ಮುರುಟಿ, ಎಲೆ ಸುಕ್ಕುಗಟ್ಟಿ ಗಂಟು ಬಿದ್ದಂತೆ ಕಂಡರೆ ಒಳಗೆ ಬಿಳಿ ಹಿಟ್ಟಿನಂಥ ಹುಳುಗಳಿರುತ್ತವೆ. ಅಂಥ ಕುಡಿಯನ್ನು ಚಿವುಟಿ ಸೋಪಿನ ನೀರಿಗೆ ಹಾಕುತ್ತೇನೆ. ಕಾಂಡದ ಮೇಲೆ ಇರುವೆ ಸಾಲುಗಟ್ಟಿದ್ದರೆ ಮೊದಲು ಇರುವೆಯನ್ನು ತಡೆಯಬೇಕು, ತಿಗಣೆಗಳಿಗೆ ಕಾವಲು ಅವೇ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಕರಗಲು ತುಸು ಸೋಪು ಬೆರೆಸಿ ಸಂಜೆ ಸಿಂಪಡಿಸುತ್ತೇನೆ. ಕಾಯಿ ಕೆಂಪಾದ ಮೇಲೆ ಸಿಂಪಡಣೆ ಬೇಡ, ಆ ಕಹಿ ಹಣ್ಣಿಗೂ ಹತ್ತುತ್ತದೆ.

ಕೊಯ್ಲಿಗೆ ಬಣ್ಣವೊಂದನ್ನೇ ನಂಬುವಂತಿಲ್ಲ. ಕಪ್ಪು ಜಾತಿಯಲ್ಲಿ ಕೆಂಪು ಎಂದರೆ ಇನ್ನೂ ಹುಳಿ. ಪೂರ್ತಿ ಕಪ್ಪಾಗಿ, ಬೆರಳು ತಾಗಿದ ಕೂಡಲೇ ಕೈಗೆ ಬರುವುದೇ ಹಣ್ಣು. ಕಿತ್ತ ಮೇಲೆ ಇದರ ರುಚಿ ಸುಧಾರಿಸುವುದಿಲ್ಲ. ಬಲಿಯದ ಹಸಿರು ಕಾಯಿಯನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಿ, ಹೊಟ್ಟೆ ಕೆಡುತ್ತದೆ. ಒಂದೇ ಗೊಂಚಲಿನಲ್ಲೂ ಒಂದೊಂದು ಒಂದೊಂದು ದಿನ ಮಾಗುವುದರಿಂದ ದಿನವೂ ಬೆಳಿಗ್ಗೆ ಒಂದು ಸುತ್ತು ಹಾಕಲೇಬೇಕು. ಹಕ್ಕಿಗಳು ನಮಗಿಂತ ಮುಂಚೆ ಏಳುತ್ತವೆ. ಕೆಳಗಿನ ಕೊಂಬೆಗಳಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿ, ಮೇಲಿನದನ್ನು ಅವಕ್ಕೆ ಬಿಟ್ಟಿದ್ದೇನೆ. ದೊಡ್ಡ ಕಣ್ಣಿನ ಬಲೆಯಲ್ಲಿ ಹಕ್ಕಿಗಳ ಕಾಲು ಸಿಕ್ಕಿಕೊಳ್ಳುತ್ತದೆ, ಅದನ್ನು ಕೊಳ್ಳಬೇಡಿ. ಹಣ್ಣು ಫ್ರಿಜ್‌ನಲ್ಲಿಯೂ ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ತಿಂದು ಮಿಕ್ಕಿದ್ದನ್ನು ತೊಳೆದು, ನೀರಾರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರೆ ಒಂದಕ್ಕೊಂದು ಅಂಟಿಕೊಳ್ಳದೆ ಮುಂದಿನ ಫಸಲಿನವರೆಗೂ ಬರುತ್ತವೆ.