ಕಾಲು ಮೈಲಿಯ ಲೆಕ್ಕ

1974ರ ಬೇಸಿಗೆಯಲ್ಲಿ, ಮಿಶಿಗನ್ನಿನಲ್ಲಿ ಕೆಲಸಕ್ಕೆ ಸೇರಿದ ಮರುವರ್ಷ, ನಾನು ಪ್ಲಿಮತ್ ಡಸ್ಟರ್ 340 ಕಾರೊಂದನ್ನು ಕೊಂಡೆ. ತೈಲ ಬಿಕ್ಕಟ್ಟಿನ ಪೆಟ್ಟಿಗೆ ಪೆಟ್ರೋಲು ಕುಡಿಯುವ ಅಂಥ ಕಾರುಗಳ ಬೆಲೆ ಇಳಿದಿದ್ದರಿಂದ 275 ಅಶ್ವಶಕ್ತಿಯ ವಿ-8 ಎಂಜಿನ್ ನನ್ನ ಸಂಬಳಕ್ಕೆ ಎಟುಕಿತು. ವಾರವಿಡೀ ಅದರಲ್ಲಿ ಕಚೇರಿಗೆ ಹೋಗಿ, ಶನಿವಾರ ಅದನ್ನೇ ಮೈಲನ್ ಊರಿನ ಡ್ರ್ಯಾಗ್ ಟ್ರ್ಯಾಕಿಗೆ, ಎಂದರೆ ಎರಡೆರಡು ಕಾರುಗಳು ನೇರ ದಾರಿಯಲ್ಲಿ ಪಂದ್ಯ ಓಡುವ ಜಾಗಕ್ಕೆ, ಒಯ್ಯುತ್ತಿದ್ದೆ. ಬಾಲ್ಯದಲ್ಲಿ ಕಂಬಳ ನೋಡಿ ಬೆಳೆದ ನನಗೆ ಅದು ಹೊಸತೆನಿಸಲಿಲ್ಲ. ಅಕ್ಕಪಕ್ಕದಲ್ಲಿ ಎರಡು ಕರೆ (ಓಟದ ದಾರಿ), ಹೊರಡುವ ಗಂತಿನಿಂದ ಗುರಿಯ ಮಂಜೊಟ್ಟಿಯವರೆಗೆ ನೇರ ಓಟ, ಇಲ್ಲಿ ಮಾತ್ರ ದೂರ 1,320 ಅಡಿ, ಅಂದರೆ ಕಾಲು ಮೈಲಿ.

ಸಿದ್ಧತೆ ಹೆಚ್ಚೇನಿರಲಿಲ್ಲ. ಸ್ಟೆಪ್ನಿ, ಜ್ಯಾಕ್‌ಗಳನ್ನು ಇಳಿಸಿ, ಹಿಂದಿನ ಟೈರುಗಳ ಗಾಳಿಯನ್ನು ತುಸು ಬಿಟ್ಟು, ಎರಡು ಓಟಗಳ ನಡುವೆ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲೆ ಮಂಜುಗಡ್ಡೆಯ ಚೀಲವಿಡುತ್ತಿದ್ದೆ. ಕಷ್ಟವಿದ್ದುದು ಲೆಕ್ಕದಲ್ಲಿ. ನಮ್ಮ ಬ್ರ್ಯಾಕೆಟ್ ರೇಸಿನಲ್ಲಿ ಪ್ರತಿಯೊಬ್ಬನೂ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆಂಬುದನ್ನು ಮೊದಲೇ ಹೇಳಿ, ಬಿಳಿ ಶೂ ಪಾಲಿಶಿನಿಂದ ಗಾಜಿನ ಮೇಲೆ ಬರೆಯಬೇಕಿತ್ತು. ನಿಧಾನದ ಕಾರಿಗೆ ಆ ವ್ಯತ್ಯಾಸದಷ್ಟು ಮುಂಚೆ ಹಸಿರು ದೀಪ ಸಿಗುತ್ತಿತ್ತು. ಆದರೆ ಬರೆದ ಸಮಯಕ್ಕಿಂತ ಬೇಗ ಓಡಿದರೆ ಸೋಲು, ದೀಪಕ್ಕಿಂತ ಮುಂಚೆ ಹೊರಟರೂ ಸೋಲು. ಹಸಿರಿಗೆ ಮುನ್ನ ಐದು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಹಸಿರಿಗೆ ಕಾಯುವವನು ತಡವಾದಂತೆಯೇ. ಐದನೆಯ ಹಳದಿ ಹೊತ್ತಿಕೊಂಡ ಕ್ಷಣವೇ ಕಾಲೊತ್ತಬೇಕೆಂಬುದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಆಗಸ್ಟಿನ ಒಂದು ಸಂಜೆ ಗಾಜಿನ ಮೇಲೆ 14.75 ಎಂದು ಬರೆದಿದ್ದೆ, ಎದುರಾಳಿಯದು 13.20. ನಾನು ಒಂದೂವರೆ ಸೆಕೆಂಡಿಗೂ ಮೊದಲೇ ಹೊರಟೆ. ಮೂರನೆಯ ಗೇರಿಗೆ ಬರುವಷ್ಟರಲ್ಲಿ ಅವನ ಎಂಜಿನ್ನಿನ ಗರ್ಜನೆ ಬೆನ್ನಿಗೇ ಬಂದಂತಿತ್ತು, ಕನ್ನಡಿಯಲ್ಲಿ ಅವನ ದೀಪಗಳು ದೊಡ್ಡದಾಗುತ್ತಿದ್ದವು. ಹೆದರಿ ಆಕ್ಸಿಲರೇಟರ್ ಬಿಡಲೇ ಇಲ್ಲ. ಗುರಿಯನ್ನು ಮೊದಲು ಮುಟ್ಟಿದವನು ನಾನೇ, ಕೈಗೆ ಬಂದ ಚೀಟಿಯಲ್ಲಿ 14.71 ಎಂದಿತ್ತು, ಹೀಗಾಗಿ ಸೋತವನೂ ನಾನೇ. ಮಧ್ಯಾಹ್ನದ ಸೆಕೆಯಲ್ಲಿ ತೆಗೆದ ಲೆಕ್ಕವನ್ನು ಸಂಜೆಗೂ ನಂಬಿದ್ದೆ. ತಂಪಾದ ಗಾಳಿ ಸಾಂದ್ರವಾಗಿರುವುದರಿಂದ ಎಂಜಿನ್ನಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆಂಬ ಪಾಠವನ್ನು ಕಾಲೇಜಿನಲ್ಲಿ ಓದಿ ಪಾಸಾಗಿದ್ದವನು!

ಹೊಸ ಕಾರ್ಬ್ಯುರೇಟರಿಗೆಂದು ಕೂಡಿಟ್ಟಿದ್ದ ಹಣದಲ್ಲಿ ಆ ವಾರ ಒಂದು ಥರ್ಮಾಮೀಟರನ್ನೂ ಒಂದು ನೋಟ್‌ಬುಕ್ಕನ್ನೂ ಕೊಂಡೆ. ಪ್ರತಿ ಓಟಕ್ಕೂ ಹೊತ್ತು, ಉಷ್ಣಾಂಶ, ಟೈರಿನ ಗಾಳಿ, ಚೀಟಿಯ ಸಮಯ, ಹೀಗೆ ನಾಲ್ಕು ಕಾಲಮ್ಮುಗಳು. ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಪಂದ್ಯದ ನಾಲ್ಕು ಸುತ್ತುಗಳನ್ನು ಗೆದ್ದು ದಾಟಿದೆ, ಅದೇ ಎಂಜಿನ್ನಿನಲ್ಲಿ.