ಬಾಸ್ಟನ್ ಲ್ಯಾಟಿನ್–ಇಂಗ್ಲಿಷ್ ಹೈ: ಹಳೆಯ ಫುಟ್‌ಬಾಲ್ ಪಂದ್ಯಗಳ ದಾಖಲೆ ಹುಡುಕುವ ಬಗೆ

ಬಾಸ್ಟನ್ ಲ್ಯಾಟಿನ್ ಶಾಲೆ 1635ರದ್ದು, ಇಂಗ್ಲಿಷ್ ಹೈಸ್ಕೂಲ್ 1821ರದ್ದು. ಈ ಎರಡು ಸರ್ಕಾರಿ ಶಾಲೆಗಳ ಅಮೆರಿಕನ್ ಫುಟ್‌ಬಾಲ್ ಪೈಪೋಟಿ ಶುರುವಾದದ್ದು 1887ರಲ್ಲಿ. ಅಮೆರಿಕದ ಕೃತಜ್ಞತಾ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್‌ನ ಪಂದ್ಯವೇ ಅದರ ಜೀವಾಳ.

ಮೊದಲು ತಾರೀಖು ಗೊತ್ತುಮಾಡಿಕೊಳ್ಳಿ. 1938ರವರೆಗೆ ಹಬ್ಬ ನವೆಂಬರ್‌ನ ಕೊನೆಯ ಗುರುವಾರ. 1942ರಿಂದ ನಾಲ್ಕನೆಯ ಗುರುವಾರ. ಐದು ಗುರುವಾರ ಬಿದ್ದ ವರ್ಷಗಳಲ್ಲೇ ಎಡವುವುದು ಹೆಚ್ಚು. 1922ರಲ್ಲಿ ಹಬ್ಬ ಬಂದದ್ದು 23ಕ್ಕಲ್ಲ, 30ಕ್ಕೆ. ವರದಿಗಾಗಿ ಮರುದಿನ ಶುಕ್ರವಾರದ ಪತ್ರಿಕೆ ತೆರೆಯಿರಿ. ಬಾಸ್ಟನ್ ಲ್ಯಾಟಿನ್ ಅಕಾಡೆಮಿ ಬೇರೆಯೇ ಶಾಲೆ, ಅದರ ಫಲಿತಾಂಶ ಇಲ್ಲಿ ಬೆರೆಯಬಾರದು.

ಅಂಕಗಳನ್ನು ಇಂದಿನ ಲೆಕ್ಕದಲ್ಲಿ ಓದಿದರೆ ಆಟವೇ ತಪ್ಪಾಗಿ ಕಾಣುತ್ತದೆ. 1887ರಲ್ಲಿ ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದ್ದಕ್ಕೆ) 4, ಅದರ ಬೆನ್ನಿಗೆ ಹೊಡೆದ ಗೋಲಿಗೆ 2, ಫೀಲ್ಡ್ ಗೋಲಿಗೆ (ಆಟದ ನಡುವೆ ಚೆಂಡನ್ನು ಒದ್ದು ಗೋಲುಕಂಬಗಳ ನಡುವೆ ಹಾಯಿಸಿದ್ದಕ್ಕೆ) 5 ಅಂಕ. ಟಚ್‌ಡೌನ್ 1898ರಲ್ಲಿ 5, 1912ರಲ್ಲಿ 6 ಆಯಿತು. ಫೀಲ್ಡ್ ಗೋಲು 1909ರಲ್ಲಿ 3ಕ್ಕೆ ಇಳಿಯಿತು. ಹಾಗಾಗಿ 1890ರ 10 ಅಂಕ ಎಂದರೆ ಎರಡು ಟಚ್‌ಡೌನ್, ಒಂದು ಗೋಲು ಇರಬಹುದು. 1915ರ 10 ಅಂಕಕ್ಕೆ ಒಂದು ಟಚ್‌ಡೌನ್ (6), ಅದರ ಬೆನ್ನಿಗಿನ ಗೋಲು (ಆಗ 1), ಫೀಲ್ಡ್ ಗೋಲು (3) ಸಾಕು. ಪತ್ರಿಕೆ ಅಚ್ಚುಹಾಕಿದ ಅಂಕವನ್ನೇ ಉಳಿಸಿ, ತಿದ್ದಬೇಡಿ. ಪಕ್ಕದಲ್ಲಿ ಆ ವರ್ಷದ ನಿಯಮ ಬರೆಯಿರಿ. 1906ಕ್ಕಿಂತ ಮುಂಚಿನ ವರದಿಯಲ್ಲಿ ಚೆಂಡನ್ನು ಮುಂದಕ್ಕೆಸೆದ ಪಾಸ್ ಹುಡುಕಬೇಡಿ, ಆಗ ಅದಕ್ಕೆ ಅನುಮತಿಯೇ ಇರಲಿಲ್ಲ.